ಗುರು ಯಾವ ಸೀನಿನಲ್ಲಿ ಅಪ್ಪನಾದ? ಕಂಡುಹಿಡಿಯೋದು ಹೀಗೆ

ಹೀರೋಗೆ ಅಪ್ಪ ಇರುವುದಿಲ್ಲ, ಗುರು ಸಿಗುತ್ತಾನೆ, ಹೊಡೆದಾಟ ಕಲಿಸುತ್ತಾನೆ, ಕೊನೆಗೆ ಅವನೇ ಅಪ್ಪನಂತಾಗುತ್ತಾನೆ. ನೂರಾರು ಎಪಿಸೋಡಿನ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ನೋಡುವವರಿಗೆಲ್ಲ ಇದು ಗೊತ್ತಿರುವ ವಿಷಯವೇ. ಆದರೆ ಯಾವ ಸೀನಿನಲ್ಲಿ ಆದ ಅಂತ ಕೇಳಿ ನೋಡಿ, ಜಾಸ್ತಿ ಜನ ಗುರು ಸಾಯುವ ಸೀನ್ ತೋರಿಸುತ್ತಾರೆ. ನಾನೂ ಅದನ್ನೇ ತೋರಿಸುತ್ತಿದ್ದೆ. ಎರಡನೇ ಸಲ ನೋಡಲು ಕೂತಾಗ ಅನುಮಾನ ಬಂತು. ಸಾಯುವಾಗ ಯಾವ ಗುರುವಾದರೂ ದೊಡ್ಡವನಾಗಿಯೇ ಕಾಣುತ್ತಾನೆ, ಅಲ್ವಾ? ಅಪ್ಪ ಕಾಣುವುದು ಅದಕ್ಕಿಂತ ಚಿಕ್ಕ ಜಾಗದಲ್ಲಿ. ಅದನ್ನು ಹಿಡಿಯಲು ನಾನು ಮಾಡುವ ಕೆಲಸಗಳನ್ನು ಹೇಳುತ್ತೇನೆ. ಡ್ರ್ಯಾಗನ್ ಬಾಲ್, ನರುಟೊ, ಒನ್ ಪೀಸ್ ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ, ಮುಂದೆ ಕಥೆ ಎಲ್ಲ ಬಯಲಾಗುತ್ತದೆ.

ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಹೆತ್ತ ಅಪ್ಪ ಎಲ್ಲಿದ್ದಾನೆ? ಸತ್ತಿದ್ದಾನಾ, ಬಿಟ್ಟುಹೋಗಿದ್ದಾನಾ, ಕಣ್ಣೆದುರಿಗೇ ಇದ್ದೂ ಇಲ್ಲವಾ? ನರುಟೊನ ಅಪ್ಪ ಮಗ ಹುಟ್ಟಿದ ದಿನವೇ ಸಾಯುತ್ತಾನೆ. ಹಂಟರ್ ಎಕ್ಸ್ ಹಂಟರ್‌ನ ಗೊನ್‌ಗೆ ಅಪ್ಪ ಬದುಕಿದ್ದಾನೆ, ಆದರೆ ಹುಡುಕಿಕೊಂಡು ಹೋಗಬೇಕು. ಡ್ರ್ಯಾಗನ್ ಬಾಲ್ ಝೆಡ್‌ನ ಗೊಹಾನ್ ಕಥೆಯೇ ಬೇರೆ. ಅವನ ಅಪ್ಪ ಗೊಕು ಒಳ್ಳೆಯವನು, ಮಗನ ಮೇಲೆ ಪ್ರೀತಿಯೂ ಇದೆ, ಮನೆಯಲ್ಲಿ ಮಾತ್ರ ಇರುವುದಿಲ್ಲ. ಶುರುವಿನಲ್ಲೇ ಸತ್ತು ಒಂದು ವರ್ಷ ಇಲ್ಲ, ನಮೆಕ್ ಗ್ರಹದ ಯುದ್ಧ ಮುಗಿದ ಮೇಲೂ ತಕ್ಷಣ ಮನೆಗೆ ಬರುವುದಿಲ್ಲ, ಸೆಲ್ ಎಂಬ ಶತ್ರುವಿನ ಕಥೆಯಲ್ಲಿ ಮತ್ತೆ ಸತ್ತು ಏಳು ವರ್ಷ ಇಲ್ಲ. ಈ ಖಾಲಿ ಜಾಗದ ಅಳತೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಗುರು ಬಂದು ಕೂರುವುದು ಅದೇ ಅಳತೆಗೆ.

ಆಮೇಲೆ ಟ್ರೈನಿಂಗ್ ಸೀನ್‌ಗಳನ್ನು ಸ್ವಲ್ಪ ಪಕ್ಕಕ್ಕಿಡಿ. ಕಲಿಸುವುದು ಗುರುವಿನ ಕೆಲಸ, ಅದಕ್ಕೆ ಅಪ್ಪನೇ ಆಗಬೇಕಿಲ್ಲ. ಆಮೆ ಗುರು ರೋಶಿ, ಇನ್ನೂ ಹುಡುಗನಾಗಿದ್ದ ಗೊಕು ಮತ್ತು ಅವನ ಗೆಳೆಯ ಕ್ರಿಲಿನ್ ಕೈಲಿ ಹಾಲು ಹಂಚಿಸುತ್ತಾನೆ, ಬರಿಗೈಯಲ್ಲಿ ಹೊಲ ಅಗೆಸುತ್ತಾನೆ, ಬೆನ್ನಿಗೆ 20 ಕಿಲೋ ಆಮೆಚಿಪ್ಪು ಕಟ್ಟುತ್ತಾನೆ. ನೋಡಲು ಮಜಾ, ಆದರೆ ಅದೆಲ್ಲ ಮೇಷ್ಟ್ರ ಕೆಲಸ. ನನಗೆ ರೋಶಿಯಲ್ಲಿ ಹಿರಿಯನೊಬ್ಬ ಕಂಡಿದ್ದು ಟೂರ್ನಮೆಂಟಿನಲ್ಲಿ. ಹುಡುಗರು ಮೊದಲ ಸಲಕ್ಕೇ ಗೆದ್ದರೆ ತಲೆ ತಿರುಗುತ್ತದೆ ಅಂತ, ವಿಗ್ ಹಾಕಿಕೊಂಡು ಜಾಕಿ ಚುನ್ ಅನ್ನುವ ಹೆಸರಿನಲ್ಲಿ ತಾನೇ ಕಣಕ್ಕಿಳಿದು ಅವರನ್ನು ಸೋಲಿಸುತ್ತಾನೆ. ಗೆದ್ದ ಹೆಸರೂ ಅವನಿಗೆ ದಕ್ಕುವುದಿಲ್ಲ. ಹಾಗಂತ ಮುದುಕನ ಹೆಣ್ಣಿನ ಚಪಲಗಳನ್ನು ಯಾರೂ ತೊಳೆದು ಬಿಳಿ ಮಾಡಬೇಕಿಲ್ಲ. ಅವು ಅವತ್ತಿಗೂ ಅಸಹ್ಯ, ಇವತ್ತಿಗೂ ಅಸಹ್ಯ.

ಟ್ರೈನಿಂಗ್ ಬದಲು ನೋಡಬೇಕಾದ್ದು ಹೊಟ್ಟೆ ಮತ್ತು ಬಟ್ಟೆ. ಸುಮ್ನೆ ಹೇಳುತ್ತಿಲ್ಲ. ಗೊಕುವಿನ ಹಳೇ ಶತ್ರು ಪಿಕೊಲೊ ಗೊಹಾನ್‌ನನ್ನು ಎತ್ತಿಕೊಂಡು ಹೋಗಿದ್ದೇ ಭೂಮಿಯ ಮೇಲೆ ದಾಳಿಗೆ ಬರುವ ಸಾಯನ್‌ಗಳ ವಿರುದ್ಧ ಒಂದು ಆಯುಧ ತಯಾರು ಮಾಡಲು. ನಾಲ್ಕು ವರ್ಷದ ಮಗುವನ್ನು ಕಾಡಿನಲ್ಲಿ ಆರು ತಿಂಗಳು ಒಂಟಿಯಾಗಿ ಬಿಡುತ್ತಾನೆ. ಅಲ್ಲಿ ಪ್ರೀತಿ ಎಲ್ಲಿಂದ ಬರಬೇಕು? ಆದರೂ ಹುಡುಗ ಬೆತ್ತಲೆಯಾಗಿ ಬಿದ್ದಿದ್ದಾಗ ಅವನೇ ಉಡುಪು ತೊಡಿಸುತ್ತಾನೆ. ಆ ಬಟ್ಟೆ ನೆನಪಿಟ್ಟುಕೊಳ್ಳಿ. ಮುಂದೆ ಸೆಲ್ ಜೊತೆ ಹೋರಾಡುವ ಮುಂಚೆ, ಅಪ್ಪ ಪಕ್ಕದಲ್ಲೇ ಇರುವಾಗ, ಗೊಹಾನ್ ಪಿಕೊಲೊ ಹತ್ತಿರ ಹೋಗಿ ನಿಮ್ಮಂಥದೇ ಬಟ್ಟೆ ಕೊಡಿ ಅಂತ ಕೇಳುತ್ತಾನೆ. ಮೊದಲ ಸಲ ಗುರು ತಾನಾಗಿ ತೊಡಿಸಿದ್ದು, ಈ ಸಲ ಹುಡುಗನೇ ಕೇಳಿ ಪಡೆದದ್ದು. ನಡುವೆ ನಪ್ಪಾ ಎಂಬ ಸಾಯನ್ ಏಟಿಗೆ ಪಿಕೊಲೊ ಅಡ್ಡ ನಿಂತು ಸತ್ತದ್ದೂ ಇದೆ, ಅದು ಎಲ್ಲರಿಗೂ ನೆನಪಿದೆ. ನನಗೆ ಮಾತ್ರ ಬಟ್ಟೆಯೇ ದೊಡ್ಡದು.

ಮುಂದಿನ ಕೆಲಸ, ಎರಡೂ ಅಪ್ಪಂದಿರು ಒಟ್ಟಿಗೆ ಬರುವ ಸೀನ್ ಹುಡುಕುವುದು. ಬೇರೇನೂ ಮಾಡದಿದ್ದರೂ ಇದೊಂದು ಮಾಡಿ. ಸೆಲ್ ಎದುರಿಗೆ ಗೊಕು ಮಗನನ್ನು ಕಣಕ್ಕೆ ಬಿಟ್ಟು ದೂರ ನಿಂತಿದ್ದಾನೆ. ಮೇಲಾಗಿ ಸೆಲ್‌ಗೆ ತಿಂದೊಡನೆ ಗಾಯ, ಸುಸ್ತು ವಾಸಿಯಾಗುವ ಸೆಂಝು ಬೀನ್ ಬೇರೆ ಎಸೆದಿದ್ದಾನೆ, ಶತ್ರು ಸುಧಾರಿಸಿಕೊಂಡರೇ ಹೋರಾಟ ಸರಿ ಅನ್ನುವ ಲೆಕ್ಕ. ಹುಡುಗ ಏಟು ತಿನ್ನುತ್ತಿದ್ದಾನೆ. ಆಗ ಸಿಡಿಯುವವನು ಪಿಕೊಲೊ. ಗೊಹಾನ್ ನಿನ್ನ ಥರ ಅಲ್ಲ, ಅವನಿಗೆ ಹೊಡೆದಾಟ ಇಷ್ಟವಿಲ್ಲ, ನಾನು ಸಾಯುತ್ತಿದ್ದರೂ ಅಪ್ಪ ಯಾಕೆ ಬರುತ್ತಿಲ್ಲ ಅಂತ ಅವನು ಯೋಚಿಸುತ್ತಿದ್ದಾನೆ ಅಂತ ಗೊಕು ಮುಖಕ್ಕೇ ಹೇಳುತ್ತಾನೆ. ಗೊಕು ಬೆಪ್ಪಾಗುತ್ತಾನೆ. ಇಲ್ಲಿ ಯಾರೂ ಯಾರನ್ನೂ ಅಪ್ಪ ಅಂತ ಘೋಷಿಸುವುದಿಲ್ಲ. ಮಗುವಿಗೆ ಒಳಗೆ ಏನು ಅನ್ನಿಸುತ್ತಿದೆ ಅಂತ ಇಬ್ಬರಲ್ಲಿ ಒಬ್ಬನಿಗೆ ಗೊತ್ತಿದೆ, ಇನ್ನೊಬ್ಬನಿಗೆ ಗೊತ್ತಿಲ್ಲ, ಅಷ್ಟೇ. ಝೆಡ್ 291 ಎಪಿಸೋಡ್ ಇದೆ, ಈ ವಿಷಯಕ್ಕೆ ಒಂದೇ ಸೀನ್ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಆಮೇಲೆ ಕಿವಿ. ಡಬ್ ಬಿಟ್ಟು ಜಪಾನೀಸ್ ಆಡಿಯೋದಲ್ಲಿ ನೋಡಿ, ಶಿಷ್ಯ ಗುರುವನ್ನು ಏನಂತ ಕರೆಯುತ್ತಾನೆ ಅಂತ ಕೇಳಿಸಿಕೊಳ್ಳಿ. ಸಬ್‌ಟೈಟಲ್‌ನಲ್ಲಿ ಇದು ಎಷ್ಟೋ ಸಲ ಮಾಯವಾಗುತ್ತದೆ. ನರುಟೊನ ಶಾಲೆಯ ಮೇಷ್ಟ್ರು ಇರುಕಾ ಅವನಿಗೆ ಯಾವತ್ತೂ 'ಸೆನ್ಸೇ', ಅಂದರೆ ಮೇಷ್ಟ್ರೇ. ಆಮೇಲೆ ಸಿಕ್ಕ ಗುರು ಜಿರಾಯಾ ಮಾತ್ರ 'ಎರೊ ಸೆನ್ನಿನ್', ಅಂದರೆ ಪೋಲಿ ಋಷಿ. ಅಷ್ಟು ದೊಡ್ಡ ನಿಂಜಾನನ್ನು ಹಾಗೆ ಕರೆಯುವ ಸಲಿಗೆ ಯಾರಿಗೆ ಇರುತ್ತದೆ ಹೇಳಿ.

ಕರೆಯುವ ಮಾತಿನ ಆಟ ಒನ್ ಪೀಸ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ. ಸಾಂಜಿ ಅಡುಗೆಯವನು. ಕೈ ಅಡುಗೆಗೆ ಮೀಸಲು, ಜಗಳ ಏನಿದ್ದರೂ ಕಾಲಲ್ಲಿ. ಆ ಒದೆತವೂ ಅಡುಗೆಯೂ ಬಂದದ್ದು ಜೆಫ್ ಎಂಬ ಹಳೇ ಕಡಲ್ಗಳ್ಳನಿಂದ. ಹಡಗು ಮುಳುಗಿ ಇಬ್ಬರೂ ಒಂದು ಬಂಡೆಯ ಮೇಲೆ ಸಿಕ್ಕಿಹಾಕಿಕೊಂಡಾಗ ಇದ್ದ ಊಟವನ್ನೆಲ್ಲ ಜೆಫ್ ಹುಡುಗನಿಗೇ ಕೊಟ್ಟಿರುತ್ತಾನೆ, ತಾನು ಇಟ್ಟುಕೊಂಡ ದೊಡ್ಡ ಮೂಟೆಯಲ್ಲಿ ಇದ್ದದ್ದು ಬರೀ ನಿಧಿ. ಮಾಂಗಾದಲ್ಲಿ, ಅಂದರೆ ಮೂಲ ಕಾಮಿಕ್ಸ್ ಪುಸ್ತಕದಲ್ಲಿ, ಅವನು ತನ್ನ ಕಾಲನ್ನೇ ಕಡಿದು ತಿಂದು ಬದುಕುತ್ತಾನೆ. ಅನಿಮೆಯಲ್ಲಿ ಅದನ್ನು ಬದಲಾಯಿಸಿದ್ದಾರೆ, ಹುಡುಗನನ್ನು ಉಳಿಸುವಾಗ ಕಾಲು ಹೋಯಿತು ಅಂತ. ನನ್ನ ಮಟ್ಟಿಗೆ ಮಾಂಗಾದ್ದೇ ಸರಿ, ಅದು ಹಸಿವಿನ ಕಥೆ.

ಇಷ್ಟಾದರೂ ಸಾಂಜಿ ಅವನನ್ನು ಕರೆಯುವುದು 'ಕುಸೊ ಜಿಜೀ' ಅಂತಲೇ. ದರಿದ್ರ ಮುದುಕ ಅಂದುಕೊಳ್ಳಿ. 30ನೇ ಎಪಿಸೋಡಿನಲ್ಲಿ ಹುಡುಗ ಹಡಗು ಬಿಟ್ಟು ಹೊರಟಾಗ ಜೆಫ್ ಹೇಳುವುದು ಒಂದೇ ಮಾತು: ನೆಗಡಿ ಮಾಡ್ಕೋಬೇಡ. ಸಾಂಜಿ ತಿರುಗಿ, ನೆಲಕ್ಕೆ ಹಣೆ ಹಚ್ಚಿ, 'ಓನರ್ ಜೆಫ್' ಅಂತ ಗೌರವದಿಂದ ಕೂಗಿ, ಇಷ್ಟು ದಿನ ಸಾಕಿದ್ದಕ್ಕೆ ಋಣಿ ಅನ್ನುತ್ತಾನೆ. ಆ ವಾಕ್ಯದ ಮಧ್ಯೆಯೂ ಒಂದು 'ಕುಸೊ' ಇಟ್ಟೇ ಇಡುತ್ತಾನೆ! ಹೆತ್ತ ಅಪ್ಪ ಜಡ್ಜ್ ಕಥೆಯೊಳಗೆ ಕಾಲಿಡುವುದು ನೂರಾರು ಎಪಿಸೋಡ್ ಆದ ಮೇಲೆ. ಸಾಂಜಿಯನ್ನು ಕಟ್ಟಿಹಾಕಲು ಅವನಿಗೆ ಸಿಗುವ ಹಗ್ಗವೂ ಜೆಫ್‌ನ ಪ್ರಾಣವೇ.

ಒಂದು ಎಚ್ಚರಿಕೆ. ಎಲ್ಲ ಗುರುವನ್ನೂ ಅಪ್ಪ ಮಾಡಬೇಡಿ, ಎಲ್ಲ ಅಪ್ಪನನ್ನೂ ಗುರು ಅನ್ನಬೇಡಿ. ರಾನ್ಮಾ ಅನ್ನುವ ಅನಿಮೆಯ ಗೆನ್ಮಾ ಹೆತ್ತ ಅಪ್ಪನೂ ಹೌದು, ಗುರುವೂ ಹೌದು. ವಿದ್ಯೆ ಕಲಿಸುತ್ತೇನೆ ಅಂತ ಮಗನ ಮೈಗೆ ಮೀನು ಸುತ್ತಿ ಹಸಿದ ಬೆಕ್ಕುಗಳ ಗುಂಡಿಗೆ ಎಸೆದ ಪುಣ್ಯಾತ್ಮ. ಇನ್ನೇನು ಹೇಳುವುದು.

ಕೊನೆಯದಾಗಿ, ಗುರು ಹೋದ ನಂತರದ ಎಪಿಸೋಡುಗಳನ್ನು ಓಡಿಸಬೇಡಿ. ಫೈಟ್ ಇಲ್ಲ ಅಂತ ಬಹಳ ಜನ ಓಡಿಸುವುದು ಇವನ್ನೇ. ಜಿರಾಯಾ ಸತ್ತ ಸುದ್ದಿ ಬರುವ ಶಿಪ್ಪುಡೆನ್ (ನರುಟೊನ ಮುಂದುವರಿದ ಸರಣಿ) 152ರಲ್ಲಿ ನರುಟೊ ರಾತ್ರಿ ಬೆಂಚಿನ ಮೇಲೆ ಒಬ್ಬನೇ ಕೂತಿರುತ್ತಾನೆ. ಕೈಲಿ ಎರಡು ಕಡ್ಡಿಯ ಐಸ್, ಇಬ್ಬರು ಮುರಿದು ಹಂಚಿಕೊಳ್ಳುವಂಥದ್ದು. ತಿನ್ನುವುದಿಲ್ಲ, ಕರಗಿ ತೊಟ್ಟಿಕ್ಕುತ್ತದೆ. ಆಗ ಅಲ್ಲಿಗೆ ಬರುವವನು ಇರುಕಾ. ಜಿರಾಯಾನೇ ನರುಟೊನ ಅಪ್ಪನಂತೆ ಅನ್ನುವವರ ಜೊತೆ ನನ್ನ ಜಗಳ ಇರುವುದು ಇದಕ್ಕೇ. ಜಿರಾಯಾ ಊರೂರು ಅಲೆಯುವ ಅಜ್ಜ, ಬರುತ್ತಾನೆ, ನಗಿಸುತ್ತಾನೆ, ವಿದ್ಯೆ ಕೊಟ್ಟು ಹೋಗುತ್ತಾನೆ. ಅತ್ತ ದಿನ ಪಕ್ಕದಲ್ಲಿ ಬಂದು ಕೂರುವವನು ಬೇರೆ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಎಲ್ಲ ನೋಡಿ ಮುಗಿದ ಮೇಲೆ ಒಂದು ಸಂಜೆ ಎರಡೇ ಎಪಿಸೋಡ್ ಹಾಕಿ, ನರುಟೊ 1 ಮತ್ತು ಶಿಪ್ಪುಡೆನ್ 500. ಮೊದಲನೆಯದರಲ್ಲಿ, ತನ್ನ ಅಪ್ಪ ಅಮ್ಮನನ್ನು ಕೊಂದ ಒಂಬತ್ತು ಬಾಲದ ರಾಕ್ಷಸ ನರಿ ಈ ಹುಡುಗನ ಹೊಟ್ಟೆಯಲ್ಲೇ ಇದೆ ಅಂತ ಗೊತ್ತಿದ್ದೂ ಇರುಕಾ ಅವನಿಗೆ ಅಡ್ಡವಾಗಿ ಬೆನ್ನು ಕೊಟ್ಟು ಏಟು ತಿನ್ನುತ್ತಾನೆ, ಆಮೇಲೆ ಕಣ್ಣು ಮುಚ್ಚು ಅಂದು ತನ್ನ ಹಣೆಪಟ್ಟಿ ಬಿಚ್ಚಿ ಹುಡುಗನಿಗೆ ಕಟ್ಟುತ್ತಾನೆ. ಕೊನೆಯದರಲ್ಲಿ ನರುಟೊಗೆ ಮದುವೆ. ಅಪ್ಪನ ಜಾಗದಲ್ಲಿ ನೀವು ನಿಲ್ತೀರಾ ಅಂತ ಕೇಳಲು ಅವನು ಇರುಕಾ ಹತ್ತಿರವೇ ಬರುತ್ತಾನೆ.