ಮನೆ ಹಿತ್ತಲಲ್ಲಿ ಚಿಗುರೆಲೆ ಬಳ್ಳಿ

ಮೈಸೂರು, ಮಂಡ್ಯದ ಹಿತ್ತಲುಗಳಲ್ಲಿ ಚಿಗುರೆಲೆ, ಅಂದರೆ ವೀಳ್ಯದೆಲೆಯ ಬಳ್ಳಿ ಸಾಯುವುದು ನೀರು ಸಾಲದೆ ಅಲ್ಲ, ಹೆಚ್ಚಾಗಿ ಬುಡದಲ್ಲಿ ನೀರು ನಿಂತು. ಈ ಬಳ್ಳಿಗೆ ಮಣ್ಣು ಸದಾ ತೇವವಾಗಿರಬೇಕು, ಕೆಸರಾಗಬಾರದು. ಇದನ್ನು ಸಾಧಿಸಿದರೆ ಅರ್ಧ ಕೆಲಸ ಮುಗಿದಂತೆ.

ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನದ ಹೊತ್ತಿಗೆ ನೆರಳಾಗುವ ಜಾಗ ನೋಡಿ. ಮನೆಯ ಪೂರ್ವದ ಪಕ್ಕ ಒಳ್ಳೆಯದು. ಪಶ್ಚಿಮದ ಗೋಡೆ ಬೇಡ. ಏಪ್ರಿಲ್‌ನಲ್ಲಿ ಅದು ಸಂಜೆಯವರೆಗೂ ಕಾವು ಉಗುಳಿ ಎಲೆಯಂಚನ್ನು ಸುಡುತ್ತದೆ. ಹಬ್ಬಲು ನುಗ್ಗೆ, ಅಗಸೆ, ಹಾಲುವಾಣ ಯಾವುದಾದರೂ ಸರಿ. ಮರವಿಲ್ಲದಿದ್ದರೆ ಗೋಣಿ ಸುತ್ತಿದ ಕಂಬವೂ ಆಗುತ್ತದೆ. ಗಿಣ್ಣಿನ ಬೇರು ಹಿಡಿಯಲು ಒರಟು ಮೈ ಇರಬೇಕು, ಅಷ್ಟೆ. ನುಣುಪಾದ ಪಿವಿಸಿ ಪೈಪು ಪ್ರಯೋಜನವಿಲ್ಲ.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ ಇರಲಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ನಾಲೆ ಬಯಲಿನ ಜಿಗುಟು ಮಣ್ಣಾದರೆ ಗುಂಡಿಯ ಬದಲು ಅರ್ಧ ಅಡಿ ಎತ್ತರದ ಏರುಮಡಿ ಮಾಡಿ. ಹಸಿ ಸಗಣಿ ಹಾಕಲೇಬೇಡಿ, ಬೇರು ಬೇಯುತ್ತದೆ.

ನೆಡಲು ಮಳೆಗಾಲದ ಆರಂಭ ಅನುಕೂಲ. ಚೆನ್ನಾಗಿ ಬೆಳೆದ ಬಳ್ಳಿಯ ತುದಿಭಾಗದಿಂದ ಮೂರರಿಂದ ಐದು ಗಿಣ್ಣಿನ ತುಂಡು ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು ಸುತ್ತ ಗಟ್ಟಿಯಾಗಿ ಒತ್ತಿ. ಮೊದಲ ಮೂರು ವಾರ ತೆಂಗಿನ ಗರಿಯ ಮರೆ ಬೇಕು. ಚಿಗುರು ಮೇಲೇಳುತ್ತಿದ್ದಂತೆ ಗೇಣಿಗೊಂದು ಕಡೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತಾ ಬನ್ನಿ.

ನೀರು ಹಾಕುವ ಮುನ್ನ ಮಣ್ಣಿಗೆ ಬೆರಳು ಇಳಿಸಿ ನೋಡಿ. ಒಂದು ಇಂಚು ಒಣಗಿದ್ದರೆ ಮಾತ್ರ ಹಾಕಿ. ಬೇಸಿಗೆಯಲ್ಲಿ ದಿನವೂ ಬೇಕಾಗಬಹುದು, ಮಳೆಗಾಲದಲ್ಲಿ ವಾರಗಟ್ಟಲೆ ಬೇಡವೇ ಬೇಡ.

ದೊಡ್ಡ ಶತ್ರು ಬುಡಕೊಳೆ. ಎಲೆ ಮೊದಲು ಹೊಳಪು ಕಳೆದುಕೊಂಡು ಜೋಲುತ್ತದೆ, ಆಮೇಲೆ ಹಳದಿಯಾಗುತ್ತದೆ. ಬಾಡಿತೆಂದು ಇನ್ನೊಂದು ಕೊಡ ಸುರಿದರೆ ಬಳ್ಳಿ ಮುಗಿಯಿತು. ಮೊದಲು ಬುಡದ ಮಣ್ಣು ಸರಿಸಿ: ಕಾಂಡ ಕಪ್ಪಾಗಿ, ಉಗುರು ಹಚ್ಚಿದರೆ ಸಿಪ್ಪೆ ಲೊಳಕ್ಕೆಂದು ಕಳಚಿದರೆ ಅದು ಫೈಟಾಫ್ತೊರ ಎಂಬ ರೋಗಾಣುವಿನ ಕೆಲಸ. ಇದರ ಕಣಗಳು ನೀರಿನಲ್ಲಿ ಈಜಿ ಬೇರಿಂದ ಬೇರಿಗೆ ಸಾಗುತ್ತವೆ. ನಿಂತ ನೀರು ಅಪಾಯವಾಗುವುದು ಇದಕ್ಕೇ. ಕೊಳೆತ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಪಕ್ಕದ ಬಳ್ಳಿಗಳ ಬುಡಕ್ಕೆ ಶೇ. 1ರ ಬೋರ್ಡೋ ದ್ರಾವಣ ಹಾಕಿ. 10 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲೇ ಬೇರೆಬೇರೆ ಕದಡಿ. ಸುಣ್ಣದ ನೀರು ಆರಿದ ಮೇಲೆ ತುತ್ತದ ನೀರನ್ನು ಅದಕ್ಕೆ ಸುರಿಯಿರಿ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ; ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಕಲಸಿದ ದಿನವೇ ಬಳಸಬೇಕು. ಕೊಯ್ಯಬಹುದಾದ ಎಲೆಗಳನ್ನು ಮೊದಲೇ ಕೊಯ್ದುಕೊಳ್ಳಿ, ಎಲೆಗೆ ದ್ರಾವಣ ಸಿಡಿಸಬೇಡಿ. ಬೇರುಕೊಳೆ ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾ ಹಾಕುವವರು ಬೋರ್ಡೋ ಹಾಕಿ ಒಂದು ತಿಂಗಳು ಬಿಟ್ಟು ಹಾಕಲಿ, ತಾಮ್ರ ಅದನ್ನೂ ಕೊಲ್ಲುತ್ತದೆ.

ಹಿಟ್ಟುತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರೆ ಸಾಕು.

ಆರು ತಿಂಗಳ ಹೊತ್ತಿಗೆ ಬಳ್ಳಿ ಆಳೆತ್ತರ ಮುಟ್ಟಿದಾಗ ಕೊಯ್ಲು ಶುರುಮಾಡಿ. ಕೆಳಗಿನ ಬಲಿತ ಎಲೆಗಳನ್ನು ತೊಟ್ಟು ಸಮೇತ ಚಿವುಟಿ, ತುದಿಯ ಎಲೆಗಳನ್ನು ಮುಟ್ಟಬೇಡಿ. ಬಳ್ಳಿ ಕೈಗೆಟುಕದಷ್ಟು ಏರಿದ ವರ್ಷ ಕಟ್ಟು ಬಿಚ್ಚಿ ಕೆಳಗಿಳಿಸಿ, ಎಲೆಯಿಲ್ಲದ ಬುಡಭಾಗವನ್ನು ಸುರುಳಿ ಸುತ್ತಿ ಮಣ್ಣು, ಗೊಬ್ಬರ ಮುಚ್ಚಿ, ತುದಿಯನ್ನು ಮತ್ತೆ ಹಬ್ಬಿಸಿ. ಹೂತ ಗಿಣ್ಣುಗಳಲ್ಲಿ ಹೊಸ ಬೇರು ಒಡೆದು ಎಲೆ ಮತ್ತೆ ಅಗಲವಾಗಿ ಬರುತ್ತದೆ.