ಸಣ್ಣ ತಂಡದ ಕೋಚ್ ಆಗಿ ಕಾಲೇಜ್ ಫುಟ್‌ಬಾಲ್ 25 ಆಡಿದ ನನ್ನ ಅನುಭವ

ಇಎ ಸ್ಪೋರ್ಟ್ಸ್‌ನವರ ಕಾಲೇಜ್ ಫುಟ್‌ಬಾಲ್ 25 ಅಂದರೆ ಅಮೆರಿಕದ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ವಿಡಿಯೊ ಗೇಮ್. ಅದನ್ನು ಕೊಂಡವರಲ್ಲಿ ಜಾಸ್ತಿ ಜನ ಜಾರ್ಜಿಯಾ, ಅಲಬಾಮಾ, ಒಹಾಯೊ ಸ್ಟೇಟ್ ತರಹದ ದೊಡ್ಡ ತಂಡ ಹಿಡಿದು ಶುರು ಮಾಡುತ್ತಾರೆ. ನಾನು ಹೇಳುವುದು ಬೇರೆ. ಒಂದು ಕಾಲೇಜು ತಂಡವನ್ನು ವರ್ಷಗಟ್ಟಲೆ ನಡೆಸುವ ಡೈನಸ್ಟಿ ಮೋಡ್‌ಗೆ ಹೋಗಿ, ತಳದಲ್ಲಿರುವ ಒಂದು ತಂಡದ ಕೋಚ್ ಆಗಿ. ಈ ಗೇಮ್ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅನ್ನುವುದು ಆಗಲೇ ತಿಳಿಯುವುದು.

ನಾನು ಆರಿಸಿಕೊಂಡದ್ದು ಕೆನೆಸಾ ಸ್ಟೇಟ್. ನಮ್ಮ ಮನೆ ಇರುವುದು ಅಟ್ಲಾಂಟಾದ ಉತ್ತರಕ್ಕೆ, ಆ ಕಾಲೇಜೂ ಅದೇ ಕಡೆ. 2024ರಲ್ಲಿ ಅವರು ಮೊದಲ ಸಲ ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಗೆ ಬಂದರು. ಗೇಮ್ ಬಿಡುಗಡೆಯಾದದ್ದೂ ಅದೇ ವರ್ಷದ ಜುಲೈನಲ್ಲಿ. ಅದರಲ್ಲಿರುವ 134 ತಂಡಗಳಲ್ಲಿ ಇದೇ ಹೊಸಬರ ತಂಡ.

ಇದಕ್ಕೂ ಮುಂಚಿನ ಗೇಮ್ ಬಂದದ್ದು 2013ರಲ್ಲಿ. ಆಮೇಲೆ ಹನ್ನೊಂದು ವರ್ಷ ಏನೂ ಇಲ್ಲ. ಕಾರಣ ಇಷ್ಟೇ: ಹಳೆಯ ಗೇಮ್‌ಗಳಲ್ಲಿ ಕಾಲೇಜು ಹುಡುಗರ ರೂಪ, ಜೆರ್ಸಿ ನಂಬರ್ ಎಲ್ಲ ಬಳಸಿಕೊಂಡು ಅವರಿಗೆ ಒಂದು ಪೈಸೆಯನ್ನೂ ಕೊಡುತ್ತಿರಲಿಲ್ಲ. ಎಡ್ ಒ'ಬ್ಯಾನನ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ ಇದನ್ನು ಕೋರ್ಟಿಗೆ ಒಯ್ದರು. 2021ರಲ್ಲಿ ನಿಯಮ ಬದಲಾಯಿತು, ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು ಎಂದಾಯಿತು. ಈ ಗೇಮ್‌ಗೆ ಒಪ್ಪಿಕೊಂಡ ಪ್ರತಿಯೊಬ್ಬರಿಗೂ 600 ಡಾಲರ್, ಜೊತೆಗೆ ಗೇಮ್‌ನ ಒಂದು ಪ್ರತಿ. ದೊಡ್ಡ ಮೊತ್ತವೇನಲ್ಲ. ಆದರೂ ಬೆನ್ನ ಮೇಲೆ ನಿಜವಾದ ಹೆಸರಿದೆ, ಆ ಹುಡುಗನಿಗೂ ಪಾಲು ಸಿಕ್ಕಿದೆ ಅಂದರೆ ಆಡುವಾಗ ಮನಸ್ಸಿಗೆ ಸಮಾಧಾನ.

ಈಗ ಕೆಲಸದ ವಿಷಯ. ಡೈನಸ್ಟಿಯ ಜೀವ ಇರುವುದು ಹೈಸ್ಕೂಲ್ ಹುಡುಗರನ್ನು ನಮ್ಮ ಕಾಲೇಜಿಗೆ ಸೆಳೆಯುವುದರಲ್ಲಿ. ಅದಕ್ಕೆಂದು ಗೇಮ್‌ನಲ್ಲಿ ವಾರಕ್ಕೆ ಇಂತಿಷ್ಟು ಗಂಟೆ ಅಂತ ಕೊಡುತ್ತಾರೆ. ಕಾಲೇಜಿನ ಹೆಸರು ಸಣ್ಣದಾದರೆ ಗಂಟೆಗಳೂ ಕಡಿಮೆ. ಬೋರ್ಡ್‌ನಲ್ಲಿ, ಅಂದರೆ ನಾವು ಬೆನ್ನು ಹತ್ತಿದವರ ಪಟ್ಟಿಯಲ್ಲಿ, 35 ಹುಡುಗರನ್ನು ಹಾಕಿಕೊಳ್ಳಬಹುದು, ಆದರೆ ಅಷ್ಟೂ ಜನರ ಹಿಂದೆ ಓಡಿದರೆ ಒಬ್ಬನೂ ಬರುವುದಿಲ್ಲ. ಹುಡುಗರ ಪ್ರತಿಭೆಗೆ ಒಂದರಿಂದ ಐದು ಸ್ಟಾರ್ ಕೊಟ್ಟಿರುತ್ತಾರೆ. ನಾನು ಐದು ಸ್ಟಾರ್ ಹುಡುಗರ ತಂಟೆಗೇ ಹೋಗಲಿಲ್ಲ. ಜಾರ್ಜಿಯಾ ರಾಜ್ಯದವರೇ ಆದ ಎರಡು, ಮೂರು ಸ್ಟಾರ್ ಹುಡುಗರನ್ನು ಹುಡುಕಿದೆ. ಕೆಲವರಿಗೆ ಮನೆ ಹತ್ತಿರ ಇರುವುದು ಮುಖ್ಯ, ಕೆಲವರಿಗೆ ಮೊದಲ ವರ್ಷವೇ ಆಡಲು ಸಿಗುವುದು ಮುಖ್ಯ. ಇವೆರಡನ್ನೂ ಸಣ್ಣ ಕಾಲೇಜು ಧಾರಾಳವಾಗಿ ಕೊಡಬಲ್ಲದು, ಅಲ್ವಾ? ಮೊದಲು ಸ್ಕೌಟಿಂಗ್‌ಗೆ, ಅಂದರೆ ಹುಡುಗನ ನಿಜವಾದ ಸಾಮರ್ಥ್ಯ ಪರೀಕ್ಷಿಸುವುದಕ್ಕೆ, ಗಂಟೆ ಹಾಕಿ. ಹೆಸರಿನ ಪಕ್ಕ ಹಸಿರು ಹರಳು ಕಂಡರೆ ಆ ಹುಡುಗ ತನ್ನ ಸ್ಟಾರ್‌ಗಿಂತ ಮೇಲು. ಅಂಥವನನ್ನು ಬಿಡಬೇಡಿ. ಕೆಂಪು ಕಂಡರೆ ಆ ಗಂಟೆಗಳನ್ನು ಬೇರೆಯವನಿಗೆ ಹಾಕಿ.

ಮೈದಾನದಲ್ಲಿ ದುರ್ಬಲ ತಂಡಕ್ಕೆ ಆಸರೆ ಎಂದರೆ ಆಪ್ಷನ್ ಆಟ, ಅಂದರೆ ಚೆಂಡು ಯಾರ ಕೈಗೆ ಹೋಗಬೇಕು ಎಂದು ಓಡುತ್ತಲೇ ತೀರ್ಮಾನಿಸುವುದು. ಈ ಗೇಮ್‌ನಲ್ಲಿ ನನಗೆ ತುಂಬ ಇಷ್ಟವಾದದ್ದೂ ಅದೇ. ಮೂರು ಆಯ್ಕೆಗಳಿರುವ ಟ್ರಿಪಲ್ ಆಪ್ಷನ್‌ನಲ್ಲಿ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮೊದಲು ಚೆಂಡನ್ನು ತನ್ನ ಹತ್ತಿರವೇ ನಿಂತ ಓಟಗಾರ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒತ್ತುತ್ತಾನೆ. ಆ ಕ್ಷಣ ನಿಮ್ಮ ಕಣ್ಣು ಅಂಚಿನಲ್ಲಿರುವ ಎದುರಾಳಿಯ ಮೇಲಿರಬೇಕು. ಅವನು ಹೊರಗೇ ನಿಂತರೆ (ಪ್ಲೇಸ್ಟೇಷನ್‌ನಲ್ಲಿ) ಎಕ್ಸ್ ಗುಂಡಿ ಒತ್ತಿ ಹಿಡಿದು ಚೆಂಡು ಕೊಟ್ಟುಬಿಡಿ. ಒಳಗೆ ನುಗ್ಗಿದರೆ ಚೆಂಡು ಇಟ್ಟುಕೊಂಡು ಹೊರಗೆ ಓಡಿ. ಅಲ್ಲಿ ಇನ್ನೊಬ್ಬ ಅಡ್ಡ ಬಂದನೋ, ಎಲ್ 1 ಒತ್ತಿ ಪಕ್ಕದಲ್ಲಿ ಓಡಿ ಬರುತ್ತಿರುವವನಿಗೆ ಎಸೆಯಿರಿ. ಎಲ್ಲ ಎರಡು ಸೆಕೆಂಡಿನ ಮಾತು. ನಮ್ಮವರು ಎದುರಾಳಿಗಿಂತ ಬಲಶಾಲಿಗಳಾಗಿರಬೇಕು ಅಂತೇನಿಲ್ಲ, ನಿಮ್ಮ ಕಣ್ಣು ಚುರುಕಾಗಿದ್ದರೆ ಸಾಕು. ಒಂದೇ ತೊಂದರೆ, ಓಡುವ ಕ್ವಾರ್ಟರ್‌ಬ್ಯಾಕ್ ಏಟು ತಿನ್ನುತ್ತಾನೆ. ಯಾವ ಭಾಗಕ್ಕೆ ಏಟು ಬಿತ್ತು ಎಂದು ಗೇಮ್ ಲೆಕ್ಕ ಇಡುತ್ತದೆ, ಅದಕ್ಕೆ ತಕ್ಕ ಹಾಗೆ ಆಟ ಕುಗ್ಗುತ್ತದೆ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಸಿದ್ಧ ಇಟ್ಟುಕೊಳ್ಳಿ.

ಸ್ಟೇಡಿಯಂ ಗದ್ದಲದ ವಿಷಯದಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ ಕ್ರೀಡಾ ಗೇಮ್ ನಾನು ಬೇರೆ ಆಡಿಲ್ಲ. ಟೆಕ್ಸಸ್ ಎ ಆಂಡ್ ಎಂ ತಂಡದ ಕೈಲ್ ಫೀಲ್ಡ್‌ನಲ್ಲಿ ಲಕ್ಷಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. ಅಲ್ಲಿ ಹೊರಗಿನ ತಂಡವಾಗಿ ಮೂರನೇ ಡೌನ್ (ಹತ್ತು ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಆಡಿ ನೋಡಿ. ಪರದೆ ನಡುಗುತ್ತದೆ. ನಮ್ಮ ಹುಡುಗರು ಓಡಬೇಕಾದ ದಾರಿ ತೋರಿಸುವ ಗೆರೆಗಳು ಅಂಕುಡೊಂಕಾಗುತ್ತವೆ. ಯಾರು ಎಲ್ಲಿ ಓಡುತ್ತಾರೆ ಎಂದು ಮೊದಲೇ ನೆನಪಿಟ್ಟುಕೊಂಡಿದ್ದರೆ ಬಚಾವ್.

ಇನ್ನು ಕೊರತೆಗಳು. ಎದುರಾಳಿ ಲೈನ್‌ಬ್ಯಾಕರ್‌ಗಳು, ಅಂದರೆ ಮಧ್ಯದಲ್ಲಿ ಕಾವಲು ನಿಲ್ಲುವ ರಕ್ಷಕರು, ಚೆಂಡಿನ ಕಡೆ ತಿರುಗಿ ನೋಡದೆಯೇ ಎಗರಿ ಪಾಸ್ ಕಸಿದುಕೊಳ್ಳುತ್ತಾರೆ. ನಿಜವಾದ ಆಟದಲ್ಲಿ ಹಾಗೆ ನಡೆಯುವುದಿಲ್ಲ. ಹಾಗಾಗಿ ಮಧ್ಯದಲ್ಲಿ ನೇರ ಪಾಸ್ ಹಾಕುವುದನ್ನೇ ಕಡಿಮೆ ಮಾಡಿದೆ. ಒಬ್ಬನೇ ಆಟಗಾರನ ಬದುಕು ಆಡುವ ರೋಡ್ ಟು ಗ್ಲೋರಿ ಮೋಡ್‌ನಲ್ಲಿ ಹೈಸ್ಕೂಲ್ ಭಾಗವೇ ಇಲ್ಲ, ನೇರ ಕಾಲೇಜಿನಿಂದ ಶುರು. ಆಟಗಾರರ ಕಾರ್ಡ್ ಕೂಡಿಸಿ ತಂಡ ಕಟ್ಟುವ ಅಲ್ಟಿಮೇಟ್ ಟೀಮ್ ಬರೀ ಜೇಬಿಗೆ ಕೈ ಹಾಕುವ ವ್ಯವಹಾರ, ನಾನು ಆ ಕಡೆ ಹೋಗುವುದಿಲ್ಲ. ಪಿಸಿಯಲ್ಲಿ ಗೇಮ್ ಸಿಗುವುದಿಲ್ಲ, ಪಿಎಸ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಬೇಕೇ ಬೇಕು.

ನನಗೆ ನಿಜವಾಗಿ ಬೇಜಾರಾಗುವುದು ಮೆನುಗಳ ಬಗ್ಗೆ. ಒಬ್ಬ ಹುಡುಗನ ಪುಟ ತೆರೆ, ಗಂಟೆ ಹಾಕು, ಹಿಂದೆ ಬಾ, ಮುಂದಿನವನ ಪುಟ ತೆರೆ. ಪ್ರತಿ ಸಲವೂ ಒಂದು ಸಣ್ಣ ಕಾಯುವಿಕೆ. ಡೈನಸ್ಟಿ 30 ಸೀಸನ್ ನಡೆಯುತ್ತದೆ. ಅಷ್ಟು ದೀರ್ಘವಾಗಿ ಜನ ಆಡಲಿ ಎಂದು ಕಟ್ಟಿದ ಮೋಡ್‌ನಲ್ಲಿ, ಅವರು ಹೆಚ್ಚು ಹೊತ್ತು ಕಳೆಯುವ ಜಾಗವೇ ಇಷ್ಟು ನಿಧಾನ ಇರಬಾರದಿತ್ತು.

ಆನ್‌ಲೈನ್ ಡೈನಸ್ಟಿಯಲ್ಲಿ 32 ಜನ ಸೇರಬಹುದು, ಆದರೆ ಎಲ್ಲರ ಹತ್ತಿರ ಒಂದೇ ಕಂಪನಿಯ ಕನ್ಸೋಲ್ ಇರಬೇಕು. ಟೆಕ್ಸಸ್‌ನಲ್ಲಿರುವ ನನ್ನ ಅಕ್ಕನ ಮಗನ ಹತ್ತಿರ ಇರುವುದು ಎಕ್ಸ್‌ಬಾಕ್ಸ್, ನನ್ನದು ಪಿಎಸ್ 5. "ಮಾವ, ನೀವೂ ಎಕ್ಸ್‌ಬಾಕ್ಸ್ ತಗೊಳ್ಳಿ" ಅಂತ ಅವನದು ಒಂದೇ ವರಾತ. 2025ರ ಜುಲೈನಲ್ಲಿ ಬಂದ 26ನೇ ಆವೃತ್ತಿ ಈ ಅಡ್ಡಿ ತೆಗೆಯಿತು. ಹೈಸ್ಕೂಲ್ ಭಾಗವನ್ನೂ ವಾಪಸ್ ತಂದಿದೆ. ಹೊಸದಾಗಿ ಕೊಳ್ಳುವವರು 25ರ ಬದಲು ಅದನ್ನೇ ತಗೊಳ್ಳಿ. ನಾವಿಬ್ಬರೂ ಅದರಲ್ಲಿ ಮೊದಲಿಂದ ಶುರು ಮಾಡಿದ್ದೇವೆ. ಅವನು ಟೆಕ್ಸಸ್‌ನ ಸ್ಯಾಮ್ ಹ್ಯೂಸ್ಟನ್ ಕಾಲೇಜಿನ ಕೋಚ್, ನಾನು ಅದೇ ಕೆನೆಸಾ.