ಬೆಕ್ಕಿಗೂ ಒಂದು ಜಗಲಿ ಕಟ್ಟಿಕೊಡಿ

ನಮ್ಮಲ್ಲಿ ಬೊಳ್ಳಿ ಅಂತ ಒಂದು ಬೆಕ್ಕಿತ್ತು. ಬೂದಿ ಬಣ್ಣ, ಬಾಲದ ತುದಿ ಮಾತ್ರ ಬಿಳಿ. ಬೆಳಿಗ್ಗೆ ಮೀನಿನವರ ಹಾರ್ನ್ ಕೇಳಿದರೆ ಸಾಕು, ಗೇಟಿನ ಅಡಿಯಿಂದ ನುಸುಳಿ ರಸ್ತೆಗೆ ಓಡುತ್ತಿತ್ತು. ಒಂದು ದಿನ ಹಾಗೆ ಓಡಿದ್ದು, ಮೀನಿನ ಸ್ಕೂಟರಿನ ಹಿಂದೆ ಬಂದ ಕಾರಿಗೆ ಸಿಕ್ಕಿತು. ತೆಂಗಿನ ಬುಡದಲ್ಲಿ ಅದನ್ನು ಮಣ್ಣು ಮಾಡಿ ಬಂದ ಸಂಜೆಯೇ ಮನೆಯಲ್ಲಿ ತೀರ್ಮಾನವಾಯ್ತು, ಇನ್ನೊಂದು ಬೆಕ್ಕು ತಂದರೆ ಹೀಗೆ ಬಿಡುವುದಿಲ್ಲ ಅಂತ.

ಹಾಗಂತ ದಿನವಿಡೀ ಒಳಗೆ ಕೂಡಿಹಾಕಲೂ ಮನಸ್ಸು ಬರುವುದಿಲ್ಲ ಅಲ್ವಾ? ಈಗಿರುವ ಚಿಕ್ಕು ಮುಚ್ಚಿದ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು, ಹೊರಗೆ ಅಳಿಲು ಓಡಿದಾಗೆಲ್ಲ ಬಾಯಿ ನಡುಗಿಸಿ ಕಟಕಟ ಅನ್ನುತ್ತಾ ಕೂತಿರುತ್ತಿದ್ದಳು. ಅವಳಿಗೆ ಬಿಸಿಲು ಬೇಕು, ಗಾಳಿ ಬೇಕು, ಮಣ್ಣಿನ ವಾಸನೆ ಬೇಕು, ಮೇಲೆ ಕೂತು ಅಂಗಳ ನೋಡಲು ಒಂದು ಎತ್ತರ ಬೇಕು. ಇಷ್ಟನ್ನೂ ಮನೆಗೆ ತಾಗಿಸಿ ಕಟ್ಟಿದ ಬಲೆಯ ಗೂಡಿನಲ್ಲಿ ಕೊಡಬಹುದು. ಹೊರದೇಶದವರು ಕ್ಯಾಟಿಯೋ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಪುಚ್ಚೆಯ ಜಗಲಿ. ತುಳುವಿನಲ್ಲಿ ಪುಚ್ಚೆ ಅಂದರೆ ಬೆಕ್ಕು.

ಆದರೆ ಬೇರೆ ಊರಿನವರು ಮಾಡಿದ್ದನ್ನು ನೋಡಿ ಹಾಗೇ ಮಾಡಿದರೆ ಇಲ್ಲಿ ನಡೆಯುವುದಿಲ್ಲ. ಉಡುಪಿ, ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು, ಕೆಲವು ವರ್ಷ ಅದಕ್ಕೂ ಜಾಸ್ತಿ ಮಳೆ. ಅದರ ಮೇಲೆ ಕಡಲಿನ ಉಪ್ಪುಗಾಳಿ. ಗೂಡು ಹಾಳಾಗುವುದು ಬೆಕ್ಕಿನ ಉಗುರಿನಿಂದಲ್ಲ, ಈ ಎರಡರಿಂದ.

ಎಲ್ಲಿ ಕಟ್ಟಬೇಕು

ಮೊದಲು ಜಾಗ. ಪೂರ್ವದ ಗೋಡೆ ಸಿಕ್ಕಿದರೆ ಒಳ್ಳೆಯದು. ಬೆಳಗಿನ ಎಳೆ ಬಿಸಿಲು ಬರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುಗಡೆಯಿಂದ ಬೀಸಿ ಹೊಡೆಯುವ ಮಳೆಗೆ ಮನೆಯೇ ಅಡ್ಡ ನಿಲ್ಲುತ್ತದೆ. ಇರುವ ಕಿಟಕಿಯೊಂದನ್ನು ಒಳಗೆ ಸೇರಿಸಿಕೊಂಡು ಗೂಡು ಕಟ್ಟಿ. ನಮ್ಮ ಹಳೆಯ ಮನೆಗಳ ಸರಳುಗಳ ನಡುವೆ ಬೆಕ್ಕು ಹೇಗೂ ನುಸುಳುತ್ತದೆ, ಗೋಡೆ ಒಡೆಯುವ ಕೆಲಸವೇ ಇಲ್ಲ. ತೆಂಗಿನ ಮರದ ಕೆಳಗೆ ಮಾತ್ರ ಬೇಡವೇ ಬೇಡ. ಒಂದು ಕಾಯಿ ಬಿದ್ದರೆ ಮಾಡು ಹೋಯಿತು, ಕೆಳಗೆ ಬೆಕ್ಕು ಮಲಗಿದ್ದರೆ ಅದೂ ಹೋಯಿತು.

ಅಳತೆ ಕನಿಷ್ಠ 6 ಅಡಿ ಉದ್ದ, 4 ಅಡಿ ಅಗಲ ಇರಲಿ. ಎತ್ತರ 7 ಅಡಿ. ಬೆಕ್ಕಿಗೆ ಯಾಕಪ್ಪಾ ಇಷ್ಟು ಎತ್ತರ ಅಂತ ಕೇಳಬೇಡಿ, ಅದಕ್ಕೆ ನೆಲಕ್ಕಿಂತ ಎತ್ತರವೇ ಮುಖ್ಯ. ಹಿಡಿಸೂಡಿ ಹಿಡಿದು ಒಳಗೆ ಹೋಗುವ ನಿಮ್ಮ ಬೆನ್ನಿಗೂ ಅದು ಬೇಕು.

ಅಡಿಪಾಯಕ್ಕೆ ಮುರಕಲ್ಲು ಸಾಕು. ಒಂದಡಿ ಆಳಕ್ಕೆ ತೋಡಿ ಒಂದು ಸಾಲು ಕಲ್ಲು ಕೂರಿಸಿ. ನಾಯಿ, ಹೆಗ್ಗಣ ಕೆಳಗಿನಿಂದ ಕೆರೆದು ಬರುವುದು ಅಲ್ಲಿಗೇ ನಿಲ್ಲುತ್ತದೆ. ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟು ಸಿಮೆಂಟ್ ಹಾಕಿ. ನೀರು ಹೋಗುವ ತೂತಿಗೆ ಜಾಲರಿ ಇರಲಿ. ಎಲ್ಲ ಕಡೆ ಬಿಗಿ ಮಾಡಿ ಈ ತೂತನ್ನೇ ಮರೆಯುವವರು ಜಾಸ್ತಿ. ಮಳೆಗಾಲದಲ್ಲಿ ಕಪ್ಪೆ ಬರುವುದು ಅಲ್ಲಿಂದ, ಕಪ್ಪೆಯ ಹಿಂದೆ ಹಾವು ಬರುವುದೂ ಅಲ್ಲಿಂದಲೇ.

ಬಲೆಯಲ್ಲಿ ಉಳಿತಾಯ ಬೇಡ

ಇಲ್ಲಿ ನಾನು ಸರಿಯಾಗಿ ಪೆಟ್ಟು ತಿಂದಿದ್ದೇನೆ. ಮೊದಲ ಸಲ ಕೆಲಸ ಮಾಡಿದವರು ಕೋಳಿಗೂಡಿಗೆ ಹಾಕುವ ತೆಳು ಬಲೆ ತಂದು, ಇದೇ ಸಾಕು, ಎಲ್ಲರೂ ಇದನ್ನೇ ಹಾಕುವುದು ಅಂದರು. ನಾನೂ ನಂಬಿದೆ. ಎರಡು ಮಳೆಗಾಲ ಕಳೆದು ಒಂದು ಬೆಳಿಗ್ಗೆ ನೋಡಿದರೆ ನೆಲಕ್ಕೆ ತಾಗಿದ ಕಡೆ ತಂತಿಯ ಮೇಲೆ ಕೆಂಪು ಪುಡಿ. ಹೆಬ್ಬೆರಳಿನಿಂದ ಸುಮ್ನೆ ಒತ್ತಿದೆ, ಹಪ್ಪಳ ಮುರಿದ ಹಾಗೆ ಮುರಿಯಿತು. ಆ ತೂತಿನ ಅಂಚಿನಲ್ಲಿ ಚಿಕ್ಕುವಿನ ನಾಲ್ಕು ಕೂದಲು ಸಿಕ್ಕಿಕೊಂಡಿದ್ದವು. ತಲೆ ತೂರಿಸಿ ನೋಡಿದ್ದಾಳೆ, ಅವತ್ತು ಹೊಟ್ಟೆ ಹಿಡಿಸಲಿಲ್ಲ ಅಷ್ಟೇ.

ಹಾಗಾಗಿ ಖರ್ಚಾದರೂ ಸ್ಟೇನ್‌ಲೆಸ್ ಸ್ಟೀಲಿನ ವೆಲ್ಡೆಡ್ ಮೆಶ್ ಹಾಕಿ. 304 ಅನ್ನುವ ದರ್ಜೆ ಒಳಗಿನ ಊರುಗಳಿಗೆ ಸಾಕು. ಮಲ್ಪೆ, ಉಳ್ಳಾಲ, ಸುರತ್ಕಲ್‌ನಂಥ ಕಡಲ ಬದಿಯಲ್ಲಿದ್ದರೆ 316 ಕೇಳಿ, ಅದು ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಬಲೆಯ ಕಣ್ಣಿನ ಅಳತೆ 1 ಇಂಚಿಗಿಂತ ದೊಡ್ಡದು ಬೇಡ. ಕೆಳಗಿನ 2 ಅಡಿಗೆ ಕಾಲಿಂಚಿನ ಜಾಲರಿ ಇನ್ನೊಂದು ಪದರ ಹಾಕಿದರೆ ಮರಿಹಾವೂ ನುಗ್ಗುವುದು ಕಷ್ಟ. ಸೊಳ್ಳೆ ಪರದೆಯ ನೆಟ್ ಉಗುರಿಗೆ ತಡೆಯುವುದಿಲ್ಲ. ಬಲೆಯನ್ನು ಸ್ಟೇಪಲ್ ಹೊಡೆದು ನಿಲ್ಲಿಸಬೇಡಿ. ಮೇಲೆ ಒಂದು ಪಟ್ಟಿ ಇಟ್ಟು ಸ್ಕ್ರೂ ಹಾಕಿ, ಕತ್ತರಿಸಿದ ತಂತಿಯ ಮೊನೆಗಳು ಆ ಪಟ್ಟಿಯ ಅಡಿಗೆ ಹೋಗಬೇಕು.

ಚೌಕಟ್ಟಿಗೆ ಅಲ್ಯೂಮಿನಿಯಂ ಸೆಕ್ಷನ್ ನೆಮ್ಮದಿ. ಮರ ಬಳಸುವುದಾದರೆ ಒಂದು ಮಾತು. ಗೆದ್ದಲು ಬಾರದಿರಲಿ ಅಂತ ನಮ್ಮ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇದೆ. ಅದು ಚರ್ಮ ಸುಡುತ್ತದೆ. ಬೆಕ್ಕು ಮೈಯೆಲ್ಲ ನೆಕ್ಕಿಕೊಳ್ಳುವ ಪ್ರಾಣಿ, ಮೈಗೆ ತಾಗಿದ್ದು ಬಾಯಿಗೂ ಹೋಗುತ್ತದೆ. ಇಲ್ಲಿ ಅದು ಬೇಡ.

ಮಾಡಿಗೆ ಮೊದಲು ಪೂರ್ತಿ ಬಲೆ ಹಾಕಿ, ಆಮೇಲೆ ಅರ್ಧಕ್ಕೆ ಮಂಗಳೂರು ಹಂಚು ಹೊದಿಸಿ. ಹಂಚು ಒಡೆದರೂ ಬೆಕ್ಕು ಹೊರಗೆ ಹೋಗುವುದಿಲ್ಲ. ತಗಡು ಶೀಟು ಏಪ್ರಿಲ್, ಮೇ ಸೆಕೆಗೆ ಒಲೆಯಾಗುತ್ತದೆ, ಮಳೆ ಬಂದರೆ ಆ ಸದ್ದಿಗೇ ಬೆಕ್ಕು ಮಂಚದಡಿ ಸೇರುತ್ತದೆ. ಇರಿಚಲು ಹೊಡೆಯುವ ಬದಿಗೆ ಅಜ್ಜಿಯ ಕಾಲದ ತೆಂಗಿನ ಮಡಲಿನ ತಟ್ಟಿಯೇ ಸೈ. ಹೆಣೆದ ಮಡಲು ಸಿಗದಿದ್ದರೆ ಸುತ್ತಿಡಬಹುದಾದ ಟಾರ್ಪಾಲು. ನವರಾತ್ರಿ ಹೊತ್ತಿಗೆ ತೆಗೆದರಾಯ್ತು.

ಬಾಗಿಲು ಒಂದರ ಹಿಂದೆ ಒಂದು ಅಂತ ಎರಡಿರಬೇಕು. ಹೊರಗಿನದನ್ನು ಮುಚ್ಚಿದ ಮೇಲೆಯೇ ಒಳಗಿನದನ್ನು ತೆರೆಯುವ ಅಭ್ಯಾಸ ಮನೆಯ ಮಕ್ಕಳಿಗೂ ಆಗಬೇಕು. ಚಿಲಕ ಒಳಗೂ ಹೊರಗೂ ಇರಲಿ.

ಒಳಗೆ ಏನೇನು

ಗೋಡೆಗೆ ಒಂದಡಿ ಅಗಲದ ಹಲಗೆಗಳನ್ನು ಮೆಟ್ಟಿಲಿನ ಹಾಗೆ ಹಾಕಿ. ಒಂದಕ್ಕೂ ಇನ್ನೊಂದಕ್ಕೂ ಒಂದೂವರೆ ಅಡಿ. ಎಲ್ಲಕ್ಕಿಂತ ಮೇಲಿನದು ಹಂಚಿನ ನೆರಳಿನಲ್ಲಿ ಬರಲಿ. ಒಂದು ಮೂಲೆಗೆ ಅಡಿಕೆ ಮರದ ತುಂಡು ನಿಲ್ಲಿಸಿ, ಸಿಬಿರು ಏಳದಂತೆ ಕೆರೆದು, ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿ. ಉಗುರು ಕೆರೆಯಲು ಅದು ಸಿಕ್ಕಿದರೆ ಸೋಫಾ ಉಳಿಯುತ್ತದೆ. ನೀರಿಗೆ ಭಾರದ ಮಣ್ಣಿನ ಪಾತ್ರೆ.

ಚಟ್ಟಿಯಲ್ಲಿ ಗರಿಕೆ ಬೆಳೆಸಿ, ಇಲ್ಲವೇ ಒಂದು ಹಿಡಿ ಭತ್ತ ಚೆಲ್ಲಿ. ಎಳೆ ಹುಲ್ಲು ಕಚ್ಚುವುದು ಬೆಕ್ಕಿಗೆ ಇಷ್ಟ. ಆದರೆ ಲಿಲ್ಲಿ ಹೂವಿನ ಗಿಡ ಹತ್ತಿರಕ್ಕೂ ಬೇಡ. ಅದರ ಎಲೆ, ಹೂವು ಮಾತ್ರ ಅಲ್ಲ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ. ಕಣಗಿಲೆ, ಸೈಕಸ್, ಗೌರಿ ಹೂವು, ಅಂಗಳದ ಕಾಡುಬಸಳೆ ಎಲ್ಲವೂ ವಿಷವೇ. ನೆಲ ಒರೆಸಲು ಫಿನಾಯಿಲ್ ಬೇಡ, ಬಿಸಿನೀರು, ಸೋಪು ಸಾಕು. ನಾಯಿಗೆ ಹಾಕುವ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬೇಡಿ. ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿನ ಜೀವಕ್ಕೇ ಅಪಾಯ.

ಗೂಡು ಇದೆ ಅಂತ ರೇಬೀಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಬಿಡುವ ಹಾಗಿಲ್ಲ. ಬಲೆಯ ಆಚೆಯಿಂದ ಬೀದಿಯ ಗಂಡುಬೆಕ್ಕು ಬಂದು ಮೂಗಿಗೆ ಮೂಗು ತಾಗಿಸುವುದನ್ನು ನಾನೇ ನೋಡಿದ್ದೇನೆ.

ಫ್ಲ್ಯಾಟಿನಲ್ಲಿರುವವರು ಬಾಲ್ಕನಿಯನ್ನೇ ಹೀಗೆ ಮಾಡಬಹುದು. ಕದ್ರಿ, ಮಣಿಪಾಲದ ಕಡೆ ಈಗ ಇನ್‌ವಿಸಿಬಲ್ ಗ್ರಿಲ್ ಜಾಸ್ತಿ. ಆದರೆ ಅದರ ತಂತಿಗಳ ನಡುವಿನ ಜಾಗದಲ್ಲಿ ಮರಿಬೆಕ್ಕು ಸಲೀಸಾಗಿ ದಾಟುತ್ತದೆ. ಒಳಬದಿಗೆ ಇನ್ನೊಂದು ಬಲೆ ಬೇಕೇ ಬೇಕು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಅನ್ನುವ ಮಾತು ನಂಬಿ ಬಾಲ್ಕನಿ ತೆರೆದಿಡಬೇಡಿ. ಕಾಲ ಮೇಲೆ ಬಿದ್ದರೂ ದವಡೆ ಒಡೆಯಬಹುದು, ಎದೆಗೆ ಪೆಟ್ಟಾಗಬಹುದು.

ಮೊದಲ ವಾರ ಊಟವನ್ನು ಗೂಡಿನೊಳಗೇ ಇಡಿ, ನೀವೂ ಪಕ್ಕದಲ್ಲಿ ಕೂತುಕೊಳ್ಳಿ. ಎತ್ತಿ ಒಳಗೆ ಹಾಕುವುದು ಬೇಡ, ಅದಾಗಿ ಬರಲಿ. ಚಿಕ್ಕು ಮೂರು ದಿನ ಕಿಟಕಿಯ ದಳಿಯಲ್ಲೇ ಕೂತು ಬರೀ ಮೂಗು ಆಡಿಸಿದಳು. ನಾಲ್ಕನೇ ದಿನ ಒಂದು ಕಾಲು ಹಲಗೆಗೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಸಂಜೆಯ ಹೊತ್ತಿಗೆ ಮೇಲಿನ ಹಲಗೆಯಲ್ಲಿ ನಾಲ್ಕೂ ಕಾಲು ಚಾಚಿ ಮಲಗಿದ್ದಳು.

ರಾತ್ರಿ ಮಾತ್ರ ಒಳಗೆ ಕರೆದುಕೊಂಡು ಕಿಟಕಿ ಮುಚ್ಚಿ. ಗುಡ್ಡದ ಬದಿಯ ಮನೆಗಳಿಗೆ ಚಿರತೆ ಬರುವುದು ನಮ್ಮಲ್ಲಿ ಹೊಸ ಸುದ್ದಿ ಏನಲ್ಲ. ದೀಪಾವಳಿ, ಜಾತ್ರೆಯ ಕದನಿ ಸಿಡಿಯುವ ದಿನಗಳಲ್ಲಿ ಹಗಲೂ ಒಳಗೇ ಇರಲಿ. ಮತ್ತೆ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆಯ ಆಸುಪಾಸಿನಲ್ಲಿ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಸ್ಕ್ರೂ ಬಿಗಿ ಮಾಡಿ, ಹಂಚು ಸರಿ ಕೂರಿಸಿ, ಕುಕ್ಕರಗಾಲಲ್ಲಿ ಕೂತು ಕೆಳಗಿನ ಸಾಲಿನ ಬಲೆಯನ್ನು ಪೂರ್ತಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ.